ಕಪ್ಪೋ, ಬಿಳಿಯೋ?

ಇಕ್ಕಳ, ಚಾಕು, ಸ್ಕ್ರೂಡ್ರೈವರ್, ಅರ ಎಲ್ಲವನ್ನೂ ಒಂದೇ ಹಿಡಿಯಲ್ಲಿ ಮಡಚಿಟ್ಟ ಮಲ್ಟಿಟೂಲ್ ಎಂಬ ಸಲಕರಣೆಯನ್ನು ನೀವು ನೋಡಿರಬಹುದು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಕಾರೊಂದರಲ್ಲಿ ಯುರೋಪ್ ಸುತ್ತುತ್ತಿದ್ದಾಗ, ಜೇಬಿನ ಚಾಕುವಿಗೆ ಒಂದು ಇಕ್ಕಳವೂ ಇರಬಾರದಿತ್ತೇ ಎಂದು ಪರದಾಡಿದರು. ಆ ಪರದಾಟದ ಫಲವಾದ ಸಲಕರಣೆ 1983ರಲ್ಲಿ ಮಾರುಕಟ್ಟೆಗೆ ಬಂತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐಟಿಐ ಮುಗಿಸಿ ಮಲ್ಪೆ ಬಂದರಿನಲ್ಲಿ ದೋಣಿ ಎಂಜಿನ್‌ಗಳ ರಿಪೇರಿ ಮಾಡುತ್ತಾನೆ. ಕೈಯಲ್ಲಿ ನಾಲ್ಕು ಕಾಸು ಕಂಡ ಮೇಲೆ ಅವನಿಗೂ ಇಂಥದ್ದೊಂದು ಬೇಕೆನ್ನಿಸಿತು. “ಸರ್, ಕಪ್ಪು ತಗೊಳ್ಳುವುದಾ, ಬಿಳಿ ತಗೊಳ್ಳುವುದಾ? ಕಪ್ಪಿಗೆ ರೇಟು ಸ್ವಲ್ಪ ಜಾಸ್ತಿ. ಆದರೆ ನೋಡ್ಲಿಕ್ಕೆ ಭಾರೀ ಚಂದ ಉಂಟು” ಎಂದ. ತಂಗಿಯ ಕಾಲೇಜು ಫೀಸು ಅವನ ತಲೆಯ ಮೇಲೇ ಇದೆ. ಒಮ್ಮೆ ಕೊಂಡದ್ದು ಹತ್ತು ವರ್ಷವಾದರೂ ಬಾಳಬೇಕು. ಹಾಗಾಗಿ ಇದು ಬರೀ ಅಂದಚಂದದ ಪ್ರಶ್ನೆಯಲ್ಲ.

ಅವನು ಬಿಳಿ ಎಂದದ್ದು ಸ್ಟೇನ್‌ಲೆಸ್ ಸ್ಟೀಲ್‌ನ ಸಹಜ ಮೈಬಣ್ಣ. ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟಿದ್ದ ಇಂಗ್ಲೆಂಡಿನ ಹ್ಯಾರಿ ಬ್ರೇರ್ಲಿ, ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡಲು ಹೊರಟು, 1913ರಲ್ಲಿ ಇಂಥ ಉಕ್ಕನ್ನು ತಯಾರಿಸಿದರು. ಇದರ ಗುಟ್ಟು ಕ್ರೋಮಿಯಂ. ಉಕ್ಕಿನಲ್ಲಿ ಅದು ಕನಿಷ್ಠ ಶೇ. 10.5ರಷ್ಟಿದ್ದರೆ, ಗಾಳಿಯ ಆಮ್ಲಜನಕದೊಡನೆ ಸೇರಿ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆಯಾಗುತ್ತದೆ. ಗೀರು ಬಿದ್ದರೂ, ತರಚಿದ ಮೊಣಕಾಲಿಗೆ ಹೊಸ ಚರ್ಮ ಬರುವಂತೆ, ಪೊರೆ ತಾನಾಗಿಯೇ ಮತ್ತೆ ಬೆಳೆಯುತ್ತದೆ.

ಕಪ್ಪಿನ ಕಥೆ ಬೇರೆ. ಒಳಗಿರುವುದು ಸಾಮಾನ್ಯವಾಗಿ ಅದೇ ಸ್ಟೇನ್‌ಲೆಸ್ ಸ್ಟೀಲ್. ಕಾರ್ಖಾನೆಯಲ್ಲಿ ಬಿಸಿ ರಾಸಾಯನಿಕ ದ್ರಾವಣದಲ್ಲಿ ಅದ್ದಿ ಅದರ ಮೇಲ್ಮೈಯನ್ನು ಕಪ್ಪು ಆಕ್ಸೈಡ್ ಆಗಿ ಮಾರ್ಪಡಿಸುವುದು ಒಂದು ಬಳಕೆಯ ವಿಧಾನ. ಈ ಪದರ ತೆಳು, ಮೇಲಾಗಿ ಸೂಕ್ಷ್ಮ ರಂಧ್ರಗಳುಳ್ಳದ್ದು. ಎಣ್ಣೆ ಸವರಿದರಷ್ಟೇ ಅದು ನೀರನ್ನು ಸರಿಯಾಗಿ ತಡೆದೀತು. ಅಜ್ಜಿಯ ದೋಸೆ ಕಾವಲಿಯನ್ನು ನೆನಪಿಸಿಕೊಳ್ಳಿ: ಎಣ್ಣೆ ಉಂಡಷ್ಟು ದಿನ ಕಪ್ಪಗೆ ಮಿರುಗುತ್ತದೆ, ತಿಕ್ಕಿ ತೊಳೆದು ಒದ್ದೆಯಾಗಿ ಬಿಟ್ಟರೆ ಮರುದಿನವೇ ತುಕ್ಕು. ಇಕ್ಕಳದ ಬಾಯಿ, ಕೀಲು, ಅಂಚುಗಳಲ್ಲಿ ಉಜ್ಜಿ ಸವೆದ ಕಪ್ಪು ಮತ್ತೆ ಹುಟ್ಟದು.

ಹಾಗಾದರೆ ಕಪ್ಪು ಏಕೆ? ಅದು ಬೆಳಕಿಗೆ ಹೊಳೆಯುವುದಿಲ್ಲ. ಸೈನಿಕರಿಗೆ, ಕಾಡಿನಲ್ಲಿ ಪ್ರಾಣಿಗಳನ್ನು ಕಾದು ಕುಳಿತವರಿಗೆ ಅದು ಅನುಕೂಲ. ನಮ್ಮ ಹುಡುಗನಿಗೋ ಇದೇ ಅನನುಕೂಲ! ಎಂಜಿನ್ನಿನಡಿಯ ಕತ್ತಲೆಯಲ್ಲಿ ಕೈಜಾರಿ ಬಿದ್ದ ಸಲಕರಣೆ ಟಾರ್ಚಿನ ಬೆಳಕಿಗೆ ಮಿನುಗಿದರೆ ತಾನೇ ಸಿಗುವುದು?

ಬಿಳಿಗೆ ತುಕ್ಕೇ ಇಲ್ಲವೆಂದು ಮಾತ್ರ ತಿಳಿಯಬೇಡಿ. ಉಪ್ಪುನೀರಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸಣ್ಣ ಸಣ್ಣ ಗುಳಿ ಮಾಡುತ್ತದೆ. ಅಡುಗೆಮನೆಯ ಒಳ್ಳೆಯ ಸ್ಟೀಲ್ ಪಾತ್ರೆಯಲ್ಲಿ ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಆದರೆ ಚಾಕುವಿನ ಅಲಗು ಗಟ್ಟಿಯಾಗಬೇಕಲ್ಲ! ಅದಕ್ಕಾಗಿ ಬಳಸುವ ಉಕ್ಕಿನಲ್ಲಿ ಇಂಗಾಲ ಹೆಚ್ಚು, ಕ್ರೋಮಿಯಂ ಹಲವು ವೇಳೆ ಶೇ. 13ರ ಆಸುಪಾಸು. ಆದ್ದರಿಂದ ಲೋಟಕ್ಕಿಂತ ಚಾಕುವಿಗೆ ಕಲೆ ಬೇಗ ಬೀಳುತ್ತದೆ. ಮಕ್ಕಳು ಒಂದು ಅಯಸ್ಕಾಂತ ಹಿಡಿದು ನೋಡಬಹುದು. ಚಾಕುವಿಗೆ ಅದು ಗಟ್ಟಿಯಾಗಿ ಅಂಟುತ್ತದೆ, 18-8 ಪಾತ್ರೆಗೆ ಅಷ್ಟಾಗಿ ಅಂಟದು.

“ಬಿಳಿಯೇ ತಗೋ. ಸಂಜೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕೀಲುಗಳಿಗೆ ಒಂದು ಹನಿ ಎಣ್ಣೆ ಬಿಡು” ಎಂದೆ. ಹಾಗೆಯೇ ಮಾಡಿದ. ಉಳಿದ ದುಡ್ಡನ್ನು ತಂಗಿಯ ಫೀಸಿಗೆ ಸೇರಿಸಿದನಂತೆ. ಮಳೆಗಾಲದಲ್ಲಿ ಒಮ್ಮೆ ತಂದು ತೋರಿಸಿದ. ಮೈತುಂಬ ಗೀರುಗಳಿದ್ದವು, ತುಕ್ಕು ಇರಲಿಲ್ಲ.

ಪಾಲಕರಿಗೆ ಒಂದು ಮಾತು. ಇದರೊಳಗೆ ಚಾಕುವಿರುವುದರಿಂದ ಇದು ಶಾಲೆಯ ಚೀಲಕ್ಕೆ ಸಲ್ಲುವ ವಸ್ತುವಲ್ಲ. ಮನೆಯಲ್ಲಿ ನಿಮ್ಮ ಎದುರಿನಲ್ಲೇ ಬಳಸಲಿ. ಕೊಡಿಸುವ ಮೊದಲು ಮಕ್ಕಳಿಂದಲೇ ಮೂರು ಪ್ರಶ್ನೆ ಕೇಳಿಸಿ: ಒಳಗಿನ ಲೋಹ ಯಾವುದು? ಎಲ್ಲಿ ಬಳಸುತ್ತೇವೆ? ಬಳಸಿದ ಮೇಲೆ ಒರೆಸಿಡುವವರು ಯಾರು?