ಅಂಬಡದಲ್ಲಿ ಕೇಳಿದ ತುಂತುಣಿ

ಮಹಾರಾಷ್ಟ್ರದಲ್ಲಿ ಅಂಬಡ್ ಎಂಬ ಹೆಸರಿನ ಊರು ಒಂದಕ್ಕಿಂತ ಹೆಚ್ಚಿವೆ. ಒಂದು ಜಾಲನಾ ಜಿಲ್ಲೆಯ ತಾಲೂಕು ಸ್ಥಳ. ಇನ್ನೊಂದು ನಾಸಿಕ್ ಪಟ್ಟಣಕ್ಕೆ ಅಂಟಿಕೊಂಡಿರುವ ಕೈಗಾರಿಕಾ ವಸಾಹತು. 1999ರಲ್ಲಿ ನನಗೆ ಅಂಬಡ್ ಶಾಖೆಗೆ ವರ್ಗವಾದಾಗ ಊರಲ್ಲಿದ್ದ ನಮ್ಮಪ್ಪ ಮೊದಲನೆಯದೇ ಅಂತ ತಿಳಿದು, "ಸೊಲ್ಲಾಪುರ, ಬೀಡ ದಾಟಿದ್ರ ಬಂತಲ್ಲೋ ತಮ್ಮಾ, ಅಂಥಾ ದೂರೇನಲ್ಲ" ಎಂದು ಸಮಾಧಾನ ಹೇಳಿದರು. ನಾಸಿಕ್ ಎಂದು ತಿಳಿದ ಮೇಲೆ ಸುಮ್ಮನಾದರು.

ನನ್ನ ಅಂಬಡ್‌ನಲ್ಲಿ ನೋಡುವಂಥದ್ದು ಏನಿಲ್ಲ. ಶೆಡ್ಡುಗಳು, ಟ್ರಕ್ಕುಗಳು, ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲು, ಸ್ಕೂಟರು. ಸ್ವಲ್ಪ ದೂರದಲ್ಲಿ ಸಿಡ್ಕೋ ಬಡಾವಣೆ. ಮುಂಬೈ–ಆಗ್ರಾ ಹೆದ್ದಾರಿ ಕಡೆಗೆ ಹೋದರೆ ಪಾಂಡವಲೇಣಿ ಗುಡ್ಡ. ಹೆಸರು ಪಾಂಡವರದ್ದು, ಗುಹೆಗಳು ಬೌದ್ಧರವು. ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಮನೆಯೊಳಗೆ ಮಾತ್ರ.

ನಮ್ಮ ಶಾಖೆಯಲ್ಲಿ ಒಬ್ಬ ದಫ್ತರಿ ಇದ್ದ. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ದೊಡ್ಡವನು. ವೋಚರ್ ಹೊಲಿಯುವಾಗ ಸದಾ ಏನೋ ಗುನುಗುತ್ತಿದ್ದ. 2003ರ ಏಪ್ರಿಲ್‌ನಲ್ಲಿ ಒಂದು ದಿನ ಟೇಬಲ್ ಹತ್ತಿರ ಬಂದು, "ಸಾಹೇಬ್, ಇವತ್ತು ರಾತ್ರಿ ನಮ್ಮ ವಸ್ತಿಯೊಳಗೆ ಹಾಡು ಇಟ್ಟೇವಿ. ವಾಮನದಾದಾನ ಹಾಡು ಹಾಡೋ ಗಾಯಕ ಬರ್ತಾನ. ನೀವು ಬರಬೇಕು" ಎಂದು ಮರಾಠಿಯಲ್ಲಿ ಕರೆದ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ. ಆ ತಿಂಗಳೆಲ್ಲ ವಸ್ತಿ ವಸ್ತಿಗಳಲ್ಲಿ ಹಾಡು ಇರುತ್ತದೆ. ನಾನು, "ಆಡಿಟ್ ಅದ, ಆಗೋದಿಲ್ಲ" ಅಂದೆ. ಆಡಿಟ್ ಹಿಂದಿನ ದಿನವೇ ಮುಗಿದಿತ್ತು. ಆಡಿಟರಿಗೆ ಚಹಾ ಕೊಟ್ಟವನು ಅವನೇ. "ಬರ‍್ಯಾ, ಸಾಹೇಬ್" ಎಂದು ಹೋದ.

ಯಾಕೆ ಸುಳ್ಳು ಹೇಳಿದೆ ಅಂತ ನೀವು ಕೇಳಬಹುದು. ಹಾಡಿನ ಮೇಲೆ ನನಗೆ ಬೇಸರ ಇರಲಿಲ್ಲ. ನಾನು ವಿಜಯಪುರ ಜಿಲ್ಲೆಯವನು, ಗೀಗೀ ಪದ ಕೇಳಿ ಬೆಳೆದವನು. ನಮ್ಮ ಸೀಮೆಯ ಹಲಸಂಗಿ ಗೆಳೆಯರು ಜನಪದ ಹಾಡು ಕೂಡಿಹಾಕಿ 1931ರಲ್ಲೇ 'ಗರತಿಯ ಹಾಡು' ಅಚ್ಚು ಹಾಕಿಸಿದವರು. ಆದರೆ ನಮ್ಮೂರಲ್ಲಿ ಪದ ಕೇಳಲು ಯಾರು ಎಲ್ಲಿ ಕೂಡಬೇಕು ಎನ್ನುವುದು ಗೊತ್ತಾಗಿಯೇ ಇರುತ್ತಿತ್ತು. ನಮ್ಮ ಮನೆಯವರು ಕಟ್ಟೆಯ ಮೇಲೆ, ಕೆಲವರು ನೆಲದ ಮೇಲೆ, ಇನ್ನೂ ಕೆಲವರು ಬಹಳ ದೂರ, ಗಿಡದ ಕೆಳಗೆ. ಆ ಗಿಡದ ಕೆಳಗಿನವರ ಮನೆಗೆ ಹೋಗಿ ಕೂತು ಹಾಡು ಕೇಳುವುದು ನಾನು ಕಲಿತಿರಲಿಲ್ಲ. ಎಂ.ಕಾಂ. ಓದಿದರೂ ಕಲಿತಿರಲಿಲ್ಲ.

ಮುಂದಿನ ವರ್ಷ, 2004ರ ಮೇ 15ರಂದು ವಾಮನದಾದಾ ಕರ್ಡಕ್ ತೀರಿಕೊಂಡರು. ಕೆಲಸಕ್ಕೆ ಬಂದ ದಫ್ತರಿಯ ಕಣ್ಣು ಊದಿಕೊಂಡಿದ್ದವು. ಸ್ವಂತ ತಂದೆ ಹೋದಾಗಲೂ ಇಷ್ಟು ಅತ್ತಿರಲಿಲ್ಲ ಎಂದ. ಆಮೇಲೆ ಒಂದೊಂದೇ ಹೇಳಿದ.

ವಾಮನದಾದಾ ಹುಟ್ಟಿದ್ದು 1922ರಲ್ಲಿ, ಇದೇ ನಾಸಿಕ್ ಜಿಲ್ಲೆ ಸಿನ್ನರ್ ತಾಲೂಕಿನ ದೇಶವಂಡಿಯಲ್ಲಿ. ಬಡತನ, ದುಡಿಯಲು ಮುಂಬೈ. ಅಲ್ಲಿ ಯಾರೋ ಒಂದು ಪತ್ರ ಕೊಟ್ಟು ಓದಿ ಹೇಳು ಎಂದರಂತೆ. ಓದಲು ಬರಲಿಲ್ಲ. ಆ ಅವಮಾನಕ್ಕೆ ಅತ್ತು, ಬೆಳೆದ ಮೇಲೆ ಅಕ್ಷರ ಕಲಿತು, 1943ರಿಂದ ಹಾಡು ಬರೆಯತೊಡಗಿದರು ಎಂದು ಇಲ್ಲಿಯ ಜನ ಹೇಳುತ್ತಾರೆ. ಬರೆದದ್ದು ಸಾವಿರಗಟ್ಟಲೆ. ಅವನ್ನೆಲ್ಲ ಊರೂರು ತಿರುಗಿ, ವಸ್ತಿಗಳಲ್ಲಿ, ಬುದ್ಧ ವಿಹಾರಗಳ ಮುಂದೆ ಹಾಡಿದರು. ಇದಕ್ಕೆ ಮೊದಲೂ ಈ ಜಿಲ್ಲೆಯಲ್ಲಿ ದಾರಿ ಇತ್ತು. 1930ರಲ್ಲಿ ನಾಸಿಕ್‌ನ ಕಾಳಾರಾಮ ಗುಡಿಯ ಪ್ರವೇಶಕ್ಕೆ ಸತ್ಯಾಗ್ರಹ ನಡೆಯಿತು. ಆ ದಶಕದಲ್ಲಿ ಭೀಮರಾವ್ ಕರ್ಡಕ್ ಜಲಸಾ ಮೇಳ ಕಟ್ಟಿ ಅಂಬೇಡ್ಕರರ ಮಾತನ್ನು ಓದು ಬಾರದವರ ಕಿವಿಗೆ ಮುಟ್ಟಿಸಿದರು. ನಮ್ಮಲ್ಲಿ 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜೊತೆ ಸಿದ್ಧಲಿಂಗಯ್ಯನವರ ಹಾಡುಗಳು ಸುತ್ತಿದವಲ್ಲ, ಹಾಗೆ.

ಹೆಬ್ಬೆಟ್ಟು ಒತ್ತುವವರನ್ನು ದಿನಾ ಕೌಂಟರಿನಲ್ಲಿ ನೋಡುತ್ತಿದ್ದವನು ನಾನು. ಆ ಪತ್ರದ ಕಥೆ ಕೇಳಿ ನಾಚಿಕೆಯಾಯಿತು. "ಮುಂದಿನ ವರ್ಷ ಕರೀರಿ, ಬರ್ತೀನಿ" ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಆದರೂ ಕರೆದ.

2005ರ ಏಪ್ರಿಲ್. ಕಾರ್ಯಕ್ರಮ ಎಂದರೆ ದೊಡ್ಡ ವೇದಿಕೆ ಅಂದುಕೊಂಡಿದ್ದೆ. ನೋಡಿದರೆ ಎರಡು ಮನೆಗಳ ನಡುವಿನ ಓಣಿ. ಮೇಲೊಂದು ತಾಡಪತ್ರಿ, ಕೆಳಗೆ ಜಮಖಾನೆ, ಒಂದು ಟ್ಯೂಬ್‌ಲೈಟು. ಜನ ನಲವತ್ತೂ ಇರಲಿಲ್ಲ. ಗಾಯಕ ಆಗಲೇ ಬಂದು ಕೂತಿದ್ದ, ಹಾಡುತ್ತಿರಲಿಲ್ಲ. ಚಹಾ ಕುಡಿಯುತ್ತ ವಿಚಾರಿಸುತ್ತಿದ್ದ: ಹೋದ ವರ್ಷ ಮುಂದೆ ಕೂತಿದ್ದ ಆಜಿ ಎಲ್ಲಿ? ಯಾರ ಮಗಳು ಹತ್ತನೆಯದು ಪಾಸಾದಳು? ಯಾವ ಕಾರ್ಖಾನೆ ಬಾಗಿಲು ಹಾಕಿತು? ಆಜಿ ತೀರಿಕೊಂಡಿದ್ದಳು. ಅವನು ಸ್ವಲ್ಪ ಹೊತ್ತು ಲೋಟ ಹಿಡಿದುಕೊಂಡೇ ಕೂತ.

ಆಮೇಲೆ ಶುರುವಾಯಿತು. ಹಾರ್ಮೋನಿಯಂ, ಢೋಲಕಿ, ಹಿಂದೆ ಒಬ್ಬನ ಕೈಯಲ್ಲಿ ತುಂತುಣಿ! ಒಂದೇ ತಂತಿ, ಒಂದೇ ದನಿ. ನಮ್ಮ ಗೀಗೀ ಮೇಳದವರ ಹೆಗಲ ಮೇಲೆ ಇರುತ್ತಿದ್ದದ್ದೇ. ಮರಾಠಿಯಲ್ಲೂ ಬಹುತೇಕ ಅದೇ ಹೆಸರು, ತುಣತುಣೆ. ನಮ್ಮಲ್ಲಿ ಹಿಮ್ಮೇಳ 'ಗೀಯ ಗಾ' ಅಂದರೆ ಇಲ್ಲಿ 'ಜೀ ಜೀ' ಅನ್ನುತ್ತಿತ್ತು. ಆರು ವರ್ಷದಲ್ಲಿ ಮೊದಲ ಸಲ ನನಗೆ ಪರವೂರು ಅನ್ನಿಸಲಿಲ್ಲ.

ಚಹಾ ಕುಡಿಯುವಾಗ ಕೇಳಿದ್ದೆಲ್ಲ ಹಾಡಿನ ನಡುವೆ ಬಂತು. ಪಾಸಾದ ಹುಡುಗಿಯ ಹೆಸರು ಒಂದು ಸಾಲಿನಲ್ಲಿ ಸೇರಿತು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ತಾಯಿಯ ಹಿಂದೆ ಅಡಗಿದಳು. ಆಜಿಗಾಗಿ ಒಂದು ಹಾಡನ್ನು ಎರಡು ಸಲ ಹಾಡಿದ. ಹೆಂಗಸರು ಸಾಲು ಮುಗಿಯುವ ಮೊದಲೇ ಎತ್ತಿಕೊಳ್ಳುತ್ತಿದ್ದರು, ಅವನು ಬಿಟ್ಟುಕೊಡುತ್ತಿದ್ದ.

ನಡುವೆ ಜನ ದುಡ್ಡು ಕೊಟ್ಟರು, ನಮ್ಮ ಬಯಲಾಟದಲ್ಲಿ ಆಯೇರಿ ಕೂಗುತ್ತಾರಲ್ಲ, ಹಾಗೆ. ನಾನು ನೂರು ರೂಪಾಯಿ ಕೊಟ್ಟೆ, ಸ್ವಲ್ಪ ಎಲ್ಲರಿಗೂ ಕಾಣುವಂತೆಯೇ. ಗಾಯಕ "ಕರ್ನಾಟಕದ ಸಾಹೇಬರಿಂದ ನೂರು" ಎಂದ. ಹಿಂದೆಯೇ ಒಬ್ಬ ಹುಡುಗ ಐದು ರೂಪಾಯಿ ನಾಣ್ಯ ಇಟ್ಟ. ಅವನ ಹೆಸರು, ಅಪ್ಪನ ಹೆಸರು, ಐದು ರೂಪಾಯಿ — ಅದೇ ದನಿ, ಅಷ್ಟೇ ಹೊತ್ತು. ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ದೊಡ್ಡ ಠೇವಣಿದಾರರಿಗೆ ಕುರ್ಚಿ, ಸಣ್ಣವರಿಗೆ ಸಾಲು ಎಂದು ನಡೆದುಕೊಂಡವನಿಗೆ ಅದು ಮನಸ್ಸಿಗೆ ತಾಗಿತು.

ರಾತ್ರಿ ಒಂದು ಗಂಟೆಗೆ ಮುಗಿಯಿತು. ದಫ್ತರಿಯ ತಾಯಿ ತಟ್ಟೆ ತಂದಿಟ್ಟರು. ಪುರಣಪೋಳಿ, ಅಂದರೆ ನಮ್ಮ ಹೋಳಿಗೆಯೇ. ಇಟ್ಟು, ಹೋಗದೆ ಅಲ್ಲೇ ನಿಂತರು. ಮಗನೂ ನಿಂತ. ಅವರು ಏನು ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಕುಂತು ಉಂಡೆ. ಎರಡನೆಯದನ್ನು ಕೇಳಿ ಹಾಕಿಸಿಕೊಂಡೆ. ಆಗ ಆ ತಾಯಿ ತಾನೂ ಕೂತು, "ನಿಮ್ಮ ಕಡೆ ಬೆಲ್ಲ ಹೆಚ್ಚು ಹಾಕ್ತಾರೇನಪ್ಪಾ?" ಎಂದು ಕೇಳಿದಳು.

ಆಮೇಲೆ ಪ್ರತಿ ವರ್ಷ ಹೋದೆ. 2020ರಲ್ಲಿ ನಿವೃತ್ತನಾದ ಮೇಲೂ ಇಲ್ಲೇ ಉಳಿದಿದ್ದೇನೆ. ದಫ್ತರಿ ನನಗಿಂತ ಮೊದಲೇ ನಿವೃತ್ತನಾದ. ಈಗ ಅವನು ಸಾಹೇಬ್ ಅನ್ನುವುದಿಲ್ಲ, ಭಾವೂ ಅನ್ನುತ್ತಾನೆ.

ಒಂದು ಮಾತು ಉಳಿದಿದೆ. ಆ ರಾತ್ರಿಯ ಮರುದಿನ ಅಪ್ಪ ಫೋನ್ ಮಾಡಿ, "ನಿನ್ನೆ ಎಲ್ಲಿ ಹೋಗಿದ್ದಿ? ಸೊಸಿ ಹಾಡು ಕೇಳಾಕ ಹೋಗ್ಯಾರ ಅಂದ್ಲು" ಎಂದು ಕೇಳಿದರು. ಹಾಡಿನದೆಲ್ಲ ಹೇಳಿದೆ, ತುಂತುಣಿಯದು ಹೇಳಿದೆ. ಅಪ್ಪನಿಗೆ ಬಹಳ ಸಂತೋಷವಾಯಿತು. "ಊಟ?" ಎಂದರು. "ಮನೆಗೆ ಬಂದು ಮಾಡಿದೆ" ಎಂದೆ. ಅಪ್ಪ ಈಗಿಲ್ಲ. ದಫ್ತರಿಗೆ ಹೇಳಿದ ಸುಳ್ಳನ್ನು ಎರಡು ವರ್ಷಕ್ಕಾದರೂ ತೀರಿಸಿದೆ. ಇದು ಬಾಕಿ ಉಳಿಯಿತು.