ಸಳಿಯ ಸಹವಾಸ

ಷಟ್ಪದಿಗಳು ಆರು ಬಗೆಯೆಂದು ಇಪ್ಪತ್ತು ವರ್ಷಗಳಿಂದ ಹೇಳಿಕೊಡುತ್ತ ಬಂದಿರುವ ನನಗೆ, ಕಬ್ಬಿಣದ ಸಳಿಯಲ್ಲಿಯೂ ಬಗೆಗಳುಂಟೆಂಬುದು ಮನೆ ಕಟ್ಟಿಸಲು ಹೊರಟಾಗಲೇ ತಿಳಿದದ್ದು. 2019ರ ಮಳೆಗೆ ಹಿರೇಬೆಂಡಿಗೇರಿಯ ನಮ್ಮ ಮಣ್ಣಿನ ಗೋಡೆ ಕುಸಿದು ಕುಳಿತಿತು. ಅವ್ವ ಊರು ಬಿಡಲೊಲ್ಲಳು. ಹೀಗಾಗಿ ನಾನು ಶಿಗ್ಗಾವಿಯಲ್ಲಿ ಸಳಿಯ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು.

“ಐದುನೂರೊ, ಐದುನೂರಾ ಐವತ್ತೊ, ಸರ?” ಎಂದರು ಅಂಗಡಿಯವರು. ದರವೆಂದು ತಿಳಿದು ಕಡಿಮೆಯದನ್ನೇ ಕೊಡಿರೆಂದೆ. ಅವರು ನಕ್ಕರು. ಅದು ದರವಲ್ಲ; ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗುವ ಮುನ್ನ ಒಂದು ಚದರ ಮಿಲಿಮೀಟರ್ ಉಕ್ಕು ತಾಳಬೇಕಾದ ಎಳೆತ, ನ್ಯೂಟನ್ ಲೆಕ್ಕದಲ್ಲಿ. ಹಿಂದೆ ನುಣುಪು ಮೈಯ ಮೆದು ಉಕ್ಕು, 250ರದು, ಆಮೇಲೆ ತಿರುಚಿದ ಟಾರ್ ಸಳಿ, 415ರದು, ಈಗ ಟಿ.ಎಂ.ಟಿ. ಕೆಂಪಗೆ ಕಾದ ಸಳಿಗೆ ಥಟ್ಟನೆ ನೀರು ಚಿಮ್ಮಿಸಿ ಹೊರಮೈಯನ್ನು ಗಟ್ಟಿ ಮಾಡುತ್ತಾರೆ; ಒಳಗುಳಿದ ಕಾವು ಹೊರಕ್ಕೆ ಬಂದು ಆ ಗಡುಸನ್ನು ಹದಗೊಳಿಸುತ್ತದೆ. ಅಂಕಿಯ ಮುಂದೆ ‘ಡಿ’ ಇದ್ದರೆ ಮುರಿಯುವ ಮೊದಲು ಇನ್ನಷ್ಟು ಹಿಗ್ಗುವ ಜಾತಿ. ನಾನು 500 ಡಿ ಕೊಂಡೆ, ವಿದ್ಯೆ ಪೂರೈಸಿತೆಂದುಕೊಂಡೆ.

ತಲೆಬಾಗಿಲ ಸಜ್ಜಾಕ್ಕೆ ಕಾಂಕ್ರೀಟು ಹಾಕುವ ದಿನ. ಬಾಡಿಗೆಯ ಮಿಕ್ಸರ್ ಗಡಗಡ ತಿರುಗುತ್ತಿತ್ತು. ಸಳಿ ಕಟ್ಟುವ ಮುದುಕ ಬಂದು, “ಸರ, ಹುಡುಗ್ರು ತುಳಿದು ಸಳಿ ಕೆಳಗ ಕುಂತಾವ್ರಿ. ಎತ್ತಿ ಕಟ್ಟಬೇಕ್ರಿ” ಎಂದ.

“ಸಳಿ ಛಲೋದೈತಿ. ಮ್ಯಾಲಿದ್ರೇನು, ಕೆಳಗಿದ್ರೇನು? ಹಾಕ್ರಿ” ಎಂದೆ.

ಆತ ನನ್ನೊಡನೆ ವಾದಿಸಲಿಲ್ಲ. ಅವ್ವನತ್ತ ತಿರುಗಿ, “ಯವ್ವಾ, ಇದರ ಕೆಳಗ ಕುಂದ್ರಾವರು ಯಾರು?” ಎಂದು ಕೇಳಿದ.

“ನಾನ ಅಲ್ಲೇನಪಾ” ಎಂದಳು ಅವ್ವ. ಮರುಕ್ಷಣವೇ ಮಿಕ್ಸರ್ ನಿಲ್ಲಿಸಿದಳು.

ಸಳಿ ಎತ್ತಿ ಕಟ್ಟುತ್ತ ಮುದುಕ ನನಗೆ ಪಾಠ ಹೇಳಿದ. ಕಾಂಕ್ರೀಟು ಒತ್ತಿದರೆ ತಾಳುತ್ತದೆ, ಎಳೆದರೆ ಸೀಳುತ್ತದೆ, ಎಳೆತವಿದ್ದಲ್ಲಿ ಸಳಿಯಿರಬೇಕು. ಗೋಡೆಯಿಂದ ಗೋಡೆಗೆ ಹಾಸಿದ ಸ್ಲ್ಯಾಬಿನ ನಡುವೆ ಎಳೆತ ಕೆಳಮೈಗೆ; ಒಂದೇ ಕಡೆ ಆಧಾರವಿದ್ದು ಹೊರಚಾಚಿದ ಸಜ್ಜಾಕ್ಕೆ ಮೇಲ್ಮೈಗೆ. ಅಲ್ಲಿ ಸಳಿ ಕೆಳಗಿಳಿದರೆ ಎಷ್ಟು ಬಲದ್ದಿದ್ದರೇನು, ಸಜ್ಜಾ ಗೋಡೆಯ ಬುಡದಲ್ಲೇ ಮುರಿದು ಬೀಳಬಹುದು.

ಈಗ ರವಿವಾರ ಊರಿಗೆ ಹೋದರೆ ಅವ್ವ ಅದೇ ಸಜ್ಜಾದ ಕೆಳಗೆ ಕುಳಿತು ಅಕ್ಕಿ ಹಸನು ಮಾಡುತ್ತಿರುತ್ತಾಳೆ. ನಾನು ತಲೆಯೆತ್ತಿ ನೋಡುತ್ತೇನೆ. ಗಿಲಾವಿನ ಮೇಲೆ ಸುಣ್ಣದ ಬಿಳುಪು, ಸಳಿ ಕಾಣಿಸದು. ಹಾದಿಯಲ್ಲಿ ಆ ಮುದುಕ ಹೋಗುತ್ತಿದ್ದರೆ ಅವ್ವ ಚಹಕ್ಕೆ ಕರೆಯುತ್ತಾಳೆ. ನಾನೆದ್ದು ನನ್ನ ಕುರ್ಚಿಯನ್ನು ಆತನಿಗೆ ಕೊಡುತ್ತೇನೆ.