ಗಂಟಲಿಗೆ ತಕ್ಕ ಶ್ರುತಿ

ಕೊಟ್ಟೂರಲ್ಲಿರೋ ನನ್ನ ತಂಗಿ ಸಂಗೀತ ಟೀಚರ್ ಆಗೋಕೆ ಓದ್ತಿದ್ದಾಳೆ. ಪಾಠದಲ್ಲಿ ತಂತ್ರಜ್ಞಾನ ಬಳಸಿದ್ರೆ ಅದಕ್ಕೂ ಅಂಕ ಉಂಟಂತೆ. ಅಭ್ಯಾಸ ಪಾಠದ ದಿನ ಶಾಲೆಯ ಟಿವಿಯಲ್ಲಿ ಕರೋಕೆ ಹಚ್ಚಿದಳು. ಎರಡನೇ ಸಾಲಿಗೇ ಅರ್ಧ ಮಕ್ಕಳು ಕಿರುಚಿದ್ರು; ದನಿ ಒಡೆಯೋ ವಯಸ್ಸಿನ ಹುಡುಗರು ಬಾಯೇ ಮುಚ್ಚಿಕೊಂಡ್ರು.

“ಅಣ್ಣಾ, ಆ ಟ್ರ್ಯಾಕಿಗೆ ಹುಡುಗ್ರ ಗಂಟಲು ಎಲ್ಲಿ ಗೊತ್ತೈತಿ?” ಅಂದಳು ಫೋನಲ್ಲಿ.

ಸಾಫ್ಟ್‌ವೇರಿನವನಾದ ನನಗೆ ಹೊಳೆಯದ ಪ್ರಶ್ನೆ ಅದು. ಮರುದಿನ ಮೊಬೈಲಿನ ತಂಬೂರಿ ಆ್ಯಪ್ ತೆಗೆದಳು. ಮೊದಲು ಮಕ್ಕಳಿಂದ ಬರೀ ‘ಸಾ’ ಹಾಡಿಸಿ, ಅವರ ದನಿ ಸಲೀಸಾಗಿ ನಿಂತ ಜಾಗಕ್ಕೆ ಶ್ರುತಿ ಇಳಿಸಿದಳು. ಸುಮ್ಮನಿದ್ದ ಹುಡುಗರಿಗೆ ಇನ್ನೂ ಕೆಳಗಿನ ಶ್ರುತಿ, ಬೇರೆ ಸರದಿ. ಅಳುಕುತ್ತಲೇ ಹಾಡಿದರಂತೆ.

ಯಂತ್ರದ ಜೊತೆ ಸಂಗೀತದ ಜಗಳ ಹಳೇದು. ಸ್ವರದಿಂದ ಸ್ವರಕ್ಕೆ ಜಾರೋಕೆ ಬಾರದ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ನಮ್ಮ ಕಡೆ ಭಜನೆ, ನಾಟಕ ಮಾತ್ರ ಅದೇ ಪೇಟಿಯ ಮೇಲೆ ನಡೆದವು. ಅದನ್ನು ನುಡಿಸೋನು ಹಾಡೋರ ಮುಖ ನೋಡಿ ಮನೆ ಬದಲಿಸ್ತಿದ್ದ. ಕರೋಕೆ ಯಾರ ಮುಖಾನೂ ನೋಡಲ್ಲ.

ಆದ್ರೆ ಮೊಬೈಲಿನ ಸದ್ದು ಹಿಂದಿನ ಬೆಂಚಿಗೆ ಮುಟ್ಟಲ್ಲ, ಕರೆಂಟು ಹೋದ್ರೆ ಟಿವಿಯೂ ಇಲ್ಲ. ಹಾಗಾಗಿ ಪಾಠಯೋಜನೆಯ ‘ಬೋಧನೋಪಕರಣ’ ಕಾಲಂನಲ್ಲಿ ಈಗ ಎರಡನ್ನೂ ಬರೀತಾಳೆ: ಮೊಬೈಲು, ಪೇಟಿ.